ಬಸುರಿಯರಿಗೆ ಮೂಗು ಕಟ್ಟಿದರೆ ನೆಗಡಿ ಮಾತ್ರೆ ಬೇಡ

ಆರೇಳು ತಿಂಗಳ ಬಸುರಿಯರು ಸಂಘದ ಸಭೆಗೆ ಬಂದಾಗ ಕಾಲು ಊತ, ಸೊಂಟ ನೋವು ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ಮೂಗು ಕಟ್ಟುವುದನ್ನು ಮಾತ್ರ ನಾವೇ ಕೇಳಬೇಕು. ಕೇಳಿದರೆ, "ನೆಗಡಿ ತಾನೇ ಸಿಸ್ಟರ್, ಹೋಗುತ್ತೆ ಬಿಡಿ" ಅಂತಾರೆ. ತಿಂಗಳಾದರೂ ಹೋಗಿರುವುದಿಲ್ಲ. ರಾತ್ರಿಯೆಲ್ಲಾ ಬಾಯಲ್ಲಿ ಉಸಿರಾಡಿ ಗಂಟಲು ಒಣಗಿರುತ್ತದೆ, ನಿದ್ದೆ ಇಲ್ಲ, ಬೆಳಗಾದರೆ ಯಶವಂತಪುರದ ಕಡೆ ಗಾರ್ಮೆಂಟ್ಸ್‌ಗೆ ಓಡಬೇಕು.

ತಾಯಂದಿರೇ, ಅನೇಕರಿಗೆ ಇದು ನೆಗಡಿಯೇ ಅಲ್ಲ. ಗರ್ಭ ನಿಂತ ಮೇಲೆ ಹಾರ್ಮೋನುಗಳು ಹೆಚ್ಚುತ್ತವೆ, ಮೈಯಲ್ಲಿ ರಕ್ತದ ಪ್ರಮಾಣವೂ ಏರುತ್ತದೆ. ಇದರಿಂದ ಮೂಗಿನ ಒಳಪೊರೆ ಊದಿಕೊಂಡು ಗಾಳಿ ಹೋಗುವ ದಾರಿ ಕಿರಿದಾಗುತ್ತದೆ. ಸುಮಾರು ಐದು ಬಸುರಿಯರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಜ್ವರ, ಮೈಕೈ ನೋವು ಇರುವುದಿಲ್ಲ. ವಾರಗಟ್ಟಲೆ ಇರುತ್ತದೆ, ಹೆರಿಗೆಯಾದ ಎರಡು ವಾರದೊಳಗೆ ಸಾಮಾನ್ಯವಾಗಿ ತಾನಾಗಿಯೇ ಬಿಡುತ್ತದೆ. ಸಾಲು ಸಾಲು ಸೀನು, ಕಣ್ಣು-ಮೂಗಿನ ತುರಿಕೆ ಇದ್ದರೆ ಅದು ಅಲರ್ಜಿ ಇರಬಹುದು. ಹೆಬ್ಬಾಳ, ಯಲಹಂಕದ ಖಾಲಿ ಸೈಟುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡ, ಕಟ್ಟಡ ಕೆಲಸದ ಧೂಳು ಇದಕ್ಕೆ ಕಾರಣವಾಗುತ್ತವೆ. (ಆ ಗಿಡ ಕೀಳುವ ಕೆಲಸ ಮನೆಯ ಗಂಡಸರು ಮಾಡಲಿ!)

ತೊಂದರೆ ಶುರುವಾಗುವುದು ಮೆಡಿಕಲ್ ಶಾಪ್‌ನಲ್ಲಿ. ಯಜಮಾನರು ಹೋಗಿ "ನೆಗಡಿ ಮಾತ್ರೆ ಕೊಡಿ" ಅಂತಾರೆ, ಯಾರಿಗೆ ಅನ್ನುವುದನ್ನು ಹೇಳುವುದೇ ಇಲ್ಲ. ಇಂಥ ಮಾತ್ರೆಗಳಲ್ಲಿ ಮೂರು ನಾಲ್ಕು ಔಷಧಿ ಬೆರೆಸಿರುತ್ತಾರೆ. ಅದರಲ್ಲಿ ಫಿನೈಲೆಫ್ರಿನ್ ಎಂಬುದು ರಕ್ತನಾಳವನ್ನು ಬಿಗಿಮಾಡುತ್ತದೆ, ಮೂಗಿನದು ಮಾತ್ರವಲ್ಲ, ಬಿ.ಪಿ. ಏರಬಹುದು. ಮೊದಲ ಮೂರು ತಿಂಗಳಲ್ಲಂತೂ ಬೇಡವೇ ಬೇಡ. ಐಬುಪ್ರೊಫೆನ್ ಇರುವ ನೋವಿನ ಮಾತ್ರೆಯೂ ಬೇಡ; ಐದು ತಿಂಗಳ ನಂತರ ಅದು ಮಗುವಿನ ಮೂತ್ರಪಿಂಡಕ್ಕೆ ಕೆಡುಕು.

ಮೂಗಿಗೆ ಬಿಡುವ ಡ್ರಾಪ್ಸ್‌ನಲ್ಲೂ ಎರಡು ಬಗೆ. ಬಾಟಲಿ ನೋಡಲು ಒಂದೇ ತರಹ ಇರುತ್ತವೆ. ಕ್ಸೈಲೋಮೆಟಜೋಲಿನ್ ಅಥವಾ ಆಕ್ಸಿಮೆಟಜೋಲಿನ್ ಅಂತ ಬರೆದಿರುವುದನ್ನು ಡಾಕ್ಟರು ಹೇಳದೆ ಹಾಕಬೇಡಿ. ಹಾಕಿದ ಕೂಡಲೇ ಮೂಗು ಬಿಡುತ್ತದೆ ನಿಜ, ಆದರೆ ಕೆಲವೇ ದಿನ ಬಿಡದೆ ಹಾಕಿದರೆ ಮೊದಲಿಗಿಂತ ಜೋರಾಗಿ ಕಟ್ಟುತ್ತದೆ, ಆಮೇಲೆ ಅದಿಲ್ಲದೆ ನಿದ್ದೆಯೇ ಬಾರದು. ಬರೀ ಉಪ್ಪುನೀರಿನ ಸಲೈನ್ ಡ್ರಾಪ್ಸ್ ಕೇಳಿ ತನ್ನಿ. ಮನೆಯಲ್ಲೂ ಮಾಡಬಹುದು: ಚೆನ್ನಾಗಿ ಕುದಿಸಿ ಆರಿಸಿದ 250 ಮಿ.ಲೀ. ನೀರಿಗೆ ಕಾಲು ಟೀ ಚಮಚ ಉಪ್ಪು. ಕೈ ತೊಳೆದು, ಶುದ್ಧವಾದ ಡ್ರಾಪರ್‌ನಿಂದ ಎರಡು ಮೂರು ತೊಟ್ಟು ಬಿಡಿ. ದಿನಾ ಹೊಸದಾಗಿ ಮಾಡಿಕೊಳ್ಳಿ.

ಮಲಗುವಾಗ ಚಾಪೆಯ ತಲೆಕಡೆಗೆ ಕಂಬಳಿ ಮಡಿಸಿಟ್ಟು ತಲೆ, ಭುಜ ಎರಡನ್ನೂ ಎತ್ತರಿಸಿ, ಎಡಮಗ್ಗುಲಾಗಿ ಮಲಗಿ. ಹಬೆ ತೆಗೆದುಕೊಳ್ಳುವವರು ಕುದಿಯುವ ಪಾತ್ರೆಯನ್ನು ಮಡಿಲ ಹತ್ತಿರ ಇಟ್ಟುಕೊಳ್ಳಬೇಡಿ, ಹೊಟ್ಟೆ ಮುಂದಿರುವಾಗ ತಗುಲಿ ಉರುಳೀತು. ಬಾಮ್ ಹಚ್ಚಿದರೆ ತಂಪೆನಿಸುತ್ತದೆ, ಊತ ಇಳಿಯುವುದಿಲ್ಲ. ಸಾಂಬ್ರಾಣಿ ಹೊಗೆ, ಸೊಳ್ಳೆ ಬತ್ತಿ ಹೊಗೆಯಿಂದ ಮೂಗು ಇನ್ನೂ ಕೆರಳುತ್ತದೆ. ಆಸ್ತಮಾಕ್ಕೆ ಇನ್ಹೇಲರ್ ತೆಗೆದುಕೊಳ್ಳುತ್ತಿದ್ದವರು "ಬಸುರಿ" ಅಂತ ತಾವಾಗಿ ನಿಲ್ಲಿಸಬಾರದು.

ಈಗ ಅತ್ತೆಯಂದಿರೂ ಓದಬೇಕಾದ ಮಾತು. ಐದು ತಿಂಗಳು ದಾಟಿದವಳಿಗೆ ತಲೆ ಸಿಡಿಯುತ್ತಿದ್ದರೆ "ಮೂಗು ಕಟ್ಟಿದೆಯಲ್ಲ, ಅದಕ್ಕೇ" ಅಂತ ಸುಮ್ಮನಿರಬೇಡಿ. ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಊತ, ಪಕ್ಕೆಲುಬಿನ ಕೆಳಗೆ ನೋವು ಇವು ಬಿ.ಪಿ. ಏರಿರುವ ಗುರುತಾಗಿರಬಹುದು. ತಾಯಿಗೂ ಮಗುವಿಗೂ ಪ್ರಾಣಾಪಾಯ. ಬೆಳಗಾಗಲಿ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ, ವಾಹನ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಉಸಿರು ಕಟ್ಟಿದರೂ ಹೀಗೆಯೇ. ಹಿಂದೆ ಇಲ್ಲದ ಗೊರಕೆ ಹೊಸದಾಗಿ ಶುರುವಾಗಿದ್ದರೂ ಡಾಕ್ಟರಿಗೆ ಹೇಳಿ ಬಿ.ಪಿ. ನೋಡಿಸಿ. ಗೊರಕೆ ಹೊಡೆಯುವುದು ಬಸುರಿಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗಿದವರೇ ಹೇಳಬೇಕು.

ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ಹೋಗುವಾಗ ತಾಯಿ ಕಾರ್ಡ್ ಜೊತೆಗೆ, ಮನೆಯಲ್ಲಿ ನುಂಗುತ್ತಿರುವ ಮಾತ್ರೆಯ ಪಟ್ಟಿ, ಡ್ರಾಪ್ಸ್ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ.