ಔಷಧ ಪರೀಕ್ಷೆಯ ಫಲಿತಾಂಶ ನಿರ್ಧರಿಸುವ ಒಂದು ಮಿಲಿಲೀಟರ್ ಆಮ್ಲ

ಹೊಟ್ಟೆಯ ಆಮ್ಲೀಯತೆಗೆ ದಶಕಗಳ ಕಾಲ ಬಳಕೆಯಲ್ಲಿದ್ದ ರ‍್ಯಾನಿಟಿಡಿನ್ ಮಾತ್ರೆಗಳಲ್ಲಿ, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲದೆಂದು ಶಂಕಿಸಲಾದ ಎನ್‌ಡಿಎಂಎ ಎಂಬ ಕಲ್ಮಶ ಇರುವುದು 2019ರಲ್ಲಿ ಬೆಳಕಿಗೆ ಬಂದಿತು. ಆದರೆ ಅದರ ಪ್ರಮಾಣವೆಷ್ಟು ಎಂಬುದಕ್ಕೆ ಮೊದಲು ದೊರೆತ ಉತ್ತರ ಸರಿಯಾಗಿರಲಿಲ್ಲ. ಮಾದರಿಯನ್ನು ಕಾಯಿಸಿ ಪರೀಕ್ಷಿಸುವ ವಿಧಾನದಲ್ಲಿ, ಆ ಶಾಖಕ್ಕೇ ರ‍್ಯಾನಿಟಿಡಿನ್ ಒಡೆದು ಎನ್‌ಡಿಎಂಎ ಉತ್ಪತ್ತಿಯಾಗುತ್ತಿತ್ತು. ಹೀಗಾಗಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು (ಎಫ್‌ಡಿಎ) ದ್ರವ ವರ್ಣರೇಖನ, ಅಂದರೆ ಲಿಕ್ವಿಡ್ ಕ್ರೊಮ್ಯಾಟೋಗ್ರಫಿ ಆಧಾರಿತ ವಿಧಾನವನ್ನು ಪ್ರಕಟಿಸಿತು. ಅದರಲ್ಲಿ ಬಳಸುವ ನೀರು ಮತ್ತು ಮೆಥನಾಲ್ ಎರಡಕ್ಕೂ ಶೇ. 0.1ರಷ್ಟು, ಎಂದರೆ ಲೀಟರಿಗೆ ಒಂದು ಮಿಲಿಲೀಟರ್ ಫಾರ್ಮಿಕ್ ಆಮ್ಲ ಬೆರೆಸಬೇಕು. ಇಷ್ಟು ಅಲ್ಪ ಸೇರ್ಪಡೆಯಿಂದ ಆಗುವುದೇನು?

ಬೇರ್ಪಡುವ ಬಗೆ

ಈ ವಿಧಾನದ ಹೃದಯಭಾಗ ಕಾಲಂ ಎಂಬ ಕಿರುನಳಿಕೆ. ಅದರೊಳಗಿನ ಸಿಲಿಕಾ ಕಣಗಳ ಮೇಲೆ ಸಾಮಾನ್ಯವಾಗಿ ಜಿಡ್ಡಿನ ಗುಣದ ಲೇಪನವಿರುತ್ತದೆ. ಮಾದರಿಯನ್ನು ಹೊತ್ತು ಹರಿಯುವ ದ್ರವಮಿಶ್ರಣವೇ ಮೊಬೈಲ್ ಫೇಸ್. ಲೇಪನಕ್ಕೆ ಹೆಚ್ಚು ಅಂಟುವ ವಸ್ತು ತಡವಾಗಿಯೂ ಕಡಿಮೆ ಅಂಟುವುದು ಬೇಗನೆಯೂ ಹೊರಬಂದು, ರೇಖಾಚಿತ್ರದಲ್ಲಿ ಪ್ರತ್ಯೇಕ ಶಿಖರಗಳಾಗಿ ಮೂಡುತ್ತವೆ.

ಬಹುತೇಕ ಔಷಧಗಳು ದುರ್ಬಲ ಆಮ್ಲಗಳು ಅಥವಾ ಪ್ರತ್ಯಾಮ್ಲಗಳು. ಆಸ್ಪಿರಿನ್ ಅಣುಗಳಲ್ಲಿ ಅರ್ಧದಷ್ಟು ಪಿಎಚ್ 3.5ರ ಸುಮಾರಿಗೆ ವಿದ್ಯುದಾವೇಶ ಪಡೆಯುತ್ತವೆ. ಪಿಎಚ್ 2.5ಕ್ಕೆ ಇಳಿದರೆ ಸುಮಾರು ಹತ್ತರಲ್ಲಿ ಒಂಬತ್ತು ಅಣುಗಳು ಆವೇಶರಹಿತವಾಗಿದ್ದು ಲೇಪನಕ್ಕೆ ಅಂಟುತ್ತವೆ; ತಟಸ್ಥ ದ್ರವದಲ್ಲಾದರೋ ಬೇಗನೆ ಹೊರಹರಿಯುತ್ತವೆ. ಪಿಎಚ್ ಸ್ಥಿರವಾಗಿಡದಿದ್ದರೆ ಶಿಖರಗಳು ಸ್ಥಾನ ಬದಲಿಸಿ, ಔಷಧದ ಶಿಖರದಡಿ ಕಲ್ಮಶದ ಶಿಖರ ಅಡಗಿಬಿಡಬಹುದು. ಫಾಸ್ಫೇಟ್‌ನಂತಹ ಬಫರ್ ಲವಣಗಳ ಕೆಲಸ ಇದನ್ನು ತಡೆಯುವುದೇ ಆಗಿದೆ.

ಪ್ರತ್ಯಾಮ್ಲೀಯ ಔಷಧಗಳ ಸಮಸ್ಯೆ ಬೇರೆ. ಸಿಲಿಕಾ ಮೇಲ್ಮೈಯಲ್ಲಿ ಲೇಪನವಾಗದೆ ಉಳಿದ ತಾಣಗಳು ಅವುಗಳನ್ನು ಹಿಡಿದಿಡುವುದರಿಂದ ಶಿಖರಕ್ಕೆ ಬಾಲ ಬೆಳೆಯುತ್ತದೆ, ಅಳತೆ ಕೆಡುತ್ತದೆ. ಟ್ರೈಈಥೈಲ್‌ಅಮೀನ್ ಸೇರಿಸಿದರೆ ಆ ತಾಣಗಳನ್ನು ಅದೇ ಆಕ್ರಮಿಸಿಕೊಂಡು ಔಷಧವನ್ನು ಮುಂದೆ ಬಿಡುತ್ತದೆ. ಮಧುಮೇಹದ ಮೆಟ್‌ಫಾರ್ಮಿನ್ ಇಂತಹ ಲೇಪನಕ್ಕೆ ಅಂಟುವುದೇ ವಿರಳ. ಅದರೊಂದಿಗೆ ಜೋಡಿಯಾಗಿ ತಡೆದು ನಿಲ್ಲಿಸಲು ಹೆಪ್ಟೇನ್ ಸಲ್ಫೋನೇಟ್‌ನಂತಹ ಲವಣವನ್ನು ಬೆರೆಸಲಾಗುತ್ತದೆ.

ಆಯ್ಕೆಯಲ್ಲಿ ಎಚ್ಚರ

ಅತಿಸೂಕ್ಷ್ಮ ಕಲ್ಮಶಗಳ ಪತ್ತೆಗೆ ಕಾಲಂನ ಕೊನೆಯಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸುತ್ತಾರೆ. ಅಲ್ಲಿ ದ್ರವವೆಲ್ಲ ಆವಿಯಾಗಬೇಕು. ಫಾಸ್ಫೇಟ್ ಆವಿಯಾಗದೆ ಉಪಕರಣದಲ್ಲಿ ಲವಣವಾಗಿ ಕೂರುತ್ತದೆ. ಟ್ರೈಫ್ಲೂರೋಅಸಿಟಿಕ್ ಆಮ್ಲ ಶಿಖರವನ್ನು ಚೂಪಾಗಿಸಿದರೂ ಸಂಕೇತವನ್ನು ಕುಗ್ಗಿಸುತ್ತದೆ. ಫಾರ್ಮಿಕ್ ಆಮ್ಲವಾದರೆ ಸುಲಭವಾಗಿ ಆವಿಯಾಗುವುದಲ್ಲದೆ, ಅಣುಗಳಿಗೆ ಪ್ರೋಟಾನ್ ಒದಗಿಸಿ ಅವು ಉಪಕರಣಕ್ಕೆ ಗೋಚರಿಸುವಂತೆ ಮಾಡುತ್ತದೆ. ಎನ್‌ಡಿಎಂಎಗೆ ನಿಗದಿಯಾದ ಸ್ವೀಕಾರಾರ್ಹ ಮಿತಿ ದಿನಕ್ಕೆ ಕೇವಲ 96 ನ್ಯಾನೋಗ್ರಾಂ ಆಗಿರುವಾಗ ಈ ಗುಣ ನಿರ್ಣಾಯಕ.

ಹೊಸ ವಿಧಾನದಲ್ಲಿ ಕಂಡುಬಂದ ಪ್ರಮಾಣ ಆರಂಭದ ವರದಿಗಳಿಗಿಂತ ಬಹಳ ಕಡಿಮೆಯಿತ್ತು. ಆದರೂ ಔಷಧ ದೋಷಮುಕ್ತವಾಗಲಿಲ್ಲ. ದಾಸ್ತಾನಿನಲ್ಲಿ, ಅದರಲ್ಲೂ ಹೆಚ್ಚಿನ ಉಷ್ಣತೆಯಲ್ಲಿ, ಎನ್‌ಡಿಎಂಎ ಏರುತ್ತದೆ ಎಂಬುದು ಮುಂದಿನ ಪರೀಕ್ಷೆಗಳಲ್ಲಿ ದೃಢಪಟ್ಟು, 2020ರ ಏಪ್ರಿಲ್‌ನಲ್ಲಿ ಎಫ್‌ಡಿಎ ಅದನ್ನು ಮಾರುಕಟ್ಟೆಯಿಂದ ಹಿಂಪಡೆಯಲು ಸೂಚಿಸಿತು. ಭಾರತವೂ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಿಂದ ಅದನ್ನು ಕೈಬಿಟ್ಟಿತು. ಒಂದು ಔಷಧ ಉಳಿಯಬೇಕೆ, ಹೋಗಬೇಕೆ ಎಂಬ ತೀರ್ಮಾನಕ್ಕೆ ನಂಬಲರ್ಹ ಅಳತೆಯೇ ಆಧಾರ. ಆ ನಂಬಿಕೆಯ ಒಂದು ಪಾಲು ಹರಿಯುವ ದ್ರವಕ್ಕೆ ಬೆರೆಸಿದ ಆ ಒಂದು ಮಿಲಿಲೀಟರ್ ಆಮ್ಲಕ್ಕೆ ಸಲ್ಲುತ್ತದೆ.