ಕಡಲಿಗೊಂದು ಕೋಣೆ
ಎರಡು ಮೀಟರ್ ಉದ್ದ, 70 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಕಡಲಮೀನಿನ ತೊಟ್ಟಿ ಸುಮಾರು 980 ಲೀಟರ್ ಉಪ್ಪುನೀರು ಹಿಡಿಯುತ್ತದೆ. ನೀರಿನ ತೂಕವೇ ಒಂದು ಟನ್. ಗಾಜು, ಕಲ್ಲು, ಸ್ಟ್ಯಾಂಡ್ ಬೇರೆ. ಭಾರತೀಯ ಮಾನಕದಂತೆ ಮನೆಯ ಕೋಣೆಯ ನೆಲಕ್ಕೆ ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 200 ಕಿಲೊ. ಈ ತೊಟ್ಟಿಯಡಿ ಅದು 700 ದಾಟುತ್ತದೆ. ಹಾಗಾಗಿ ಮೀನಿನಂಗಡಿಗಿಂತ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಬಳಿ ಹೋಗುವುದು ಒಳ್ಳೆಯದು. ನೆಲಮಹಡಿಯಾದರೆ ತಲೆನೋವು ಕಡಿಮೆ.

ಭಾರಕ್ಕಿಂತ ಹೆಚ್ಚು ಕಾಡುವುದು ತೇವ. ತೆರೆದ ತೊಟ್ಟಿಯಿಂದ ದಿನವೂ ಲೀಟರುಗಟ್ಟಲೆ ನೀರು ಆವಿಯಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಗೋಡೆಗೆ ಬೂಷ್ಟು, ಕಬ್ಬಿಣಕ್ಕೆ ತುಕ್ಕು. ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಆ ಕೊರತೆಗೆ ತುಂಬಬೇಕಾದ್ದು ಶುದ್ಧ ಆರ್‌ಒ ಸಿಹಿನೀರು. ಉಪ್ಪುನೀರನ್ನೇ ಸುರಿದರೆ ಲೀಟರಿಗೆ 35 ಗ್ರಾಂ ಆಸುಪಾಸಿನಲ್ಲಿರಬೇಕಾದ ಉಪ್ಪು ಏರುತ್ತಲೇ ಹೋಗುತ್ತದೆ.

ಕರೆಂಟು ಹೋದರೆ?

ಪಂಪು ನಿಂತೊಡನೆ ಮೇಲಿನ ತೊಟ್ಟಿಯ ಒಂದಷ್ಟು ನೀರು ಕೆಳಗಿನ ಸೋಸುತೊಟ್ಟಿಗೆ, ಅಂದರೆ ಸಂಪಿಗೆ, ಇಳಿಯುತ್ತದೆ. ಅಲ್ಲಿ ಜಾಗ ಬಿಡದಿದ್ದರೆ ನೆಲವೆಲ್ಲ ಸಮುದ್ರ! ಇನ್ವರ್ಟರಿಗೆ ಮೊದಲು ಜೋಡಿಸಬೇಕಾದ್ದು ದೀಪವನ್ನಲ್ಲ, ನೀರು ಕಲಕುವ ಪಂಪನ್ನು.

ಹವಳದ ಆಸೆಯಿದ್ದವರು ಕಾನೂನನ್ನೂ ನೋಡಬೇಕು. ಕಲ್ಲುಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ನಮ್ಮ ಕಡಲಿನಿಂದ ಅವನ್ನು ಕಿತ್ತು ತರುವುದು ಅಪರಾಧ. ಮೀನಿಗೆ ಬಂದರೆ, ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿಮಾಡಿಸಿದೆ; ಹ್ಯಾಚರಿಯ ಅಂಥ ಮೀನೇ ಮೇಲು.