ಸಾಲದ ಅಂಕಿಗಳೂ ನಗರದ ಭೂಪಟವೂ: ಅಟ್ಲಾಂಟದ ಒಂದು ಪತ್ರಿಕಾ ಪರಿಶೋಧನೆ

ನಗರವೊಂದರಲ್ಲಿ ಯಾರು ಎಲ್ಲಿ ಮನೆಮಾಡಿ ನೆಲೆಸುತ್ತಾರೆಂಬುದನ್ನು ಅವರವರ ಇಚ್ಛೆಯೂ ಆರ್ಥಿಕ ಶಕ್ತಿಯೂ ನಿರ್ಣಯಿಸುತ್ತವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬಹುಮಂದಿ ಮನೆಯನ್ನು ಕೊಳ್ಳುವುದು ದೀರ್ಘಾವಧಿಯ ಸಾಲದಿಂದ. ಆದ್ದರಿಂದ ಕೊಳ್ಳುವವನ ಇಚ್ಛೆಯ ಹಿಂದೆ ಸಾಲ ಕೊಡುವವನ ಇಚ್ಛೆಯೊಂದು ಅಡಗಿರುತ್ತದೆ. ಬ್ಯಾಂಕಿನ ಕೊಠಡಿಯೊಳಗೆ ನಡೆದುಹೋಗುವ ಈ ನಿರ್ಧಾರವನ್ನು ಒಂದು ಸ್ಥಳೀಯ ದಿನಪತ್ರಿಕೆ ಕೇವಲ ಅಂಕಿಗಳ ಬಲದಿಂದ ಬೆಳಕಿಗೆ ತಂದ ಬಗೆ, ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ವಿಷಯವಾಗಿದೆ.

ಈ ವೃತ್ತಾಂತಕ್ಕೆ ಹಿನ್ನೆಲೆಯೊಂದುಂಟು. 1933ರಲ್ಲಿ ಸ್ಥಾಪಿತವಾದ ಗೃಹಸ್ವಾಮಿಗಳ ಸಾಲ ನಿಗಮವು ನಗರಗಳ ಬಡಾವಣೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ ಭೂಪಟಗಳಲ್ಲಿ ಬಣ್ಣ ತುಂಬಿಸಿತು. ಅತ್ಯಂತ ಕೆಳಗಿನ ದರ್ಜೆಗೆ ಕೆಂಪು. ಕಪ್ಪು ವರ್ಣೀಯರು ವಾಸಿಸುವ ಬಡಾವಣೆಗಳು ಪ್ರಾಯಶಃ ಎಲ್ಲೆಡೆಯೂ ಈ ಕೆಂಪಿನೊಳಗೇ ಬಿದ್ದವು. ಸಾಲದಾತರು ಕೆಲವು ಪ್ರದೇಶಗಳನ್ನು ಇಡಿಯಾಗಿ ಹೊರಗಿಡುವ ಪದ್ಧತಿಗೆ 'ಕೆಂಪುಗೆರೆ ಎಳೆಯುವುದು' ಎಂಬ ಹೆಸರು ಮುಂದೆ ರೂಢಿಯಾಯಿತು. (ಈ ಭೂಪಟಗಳಿಗಿಂತ 1934ರ ಕೇಂದ್ರ ಗೃಹಾಡಳಿತ ಸಂಸ್ಥೆಯ ಸಾಲವಿಮಾ ನೀತಿಯೇ ಹೆಚ್ಚಿನ ಹಾನಿಯನ್ನು ಮಾಡಿತೆಂದು ಇತ್ತೀಚಿನ ಕೆಲವು ಇತಿಹಾಸಕಾರರು ವಾದಿಸುತ್ತಾರೆ, ಆ ಚರ್ಚೆಯನ್ನು ಇಲ್ಲಿ ಬೆಳೆಸಬೇಕಾಗಿಲ್ಲ.) 1968ರ ಶಾಸನವು ವಸತಿಯಲ್ಲಿ ವರ್ಣಭೇದವನ್ನು ನಿಷೇಧಿಸಿತು. ಆದರೆ ನಿಷೇಧವು ಪಾಲನೆಯಾಗುತ್ತಿದೆಯೇ ಎಂದು ತಿಳಿಯಲು ಸಾಧನವಿರಲಿಲ್ಲ. ಷಿಕಾಗೋ ನಗರದ ಗೇಲ್ ಸಿಂಕೊಟ್ಟಾ ಮೊದಲಾದ ಬಡಾವಣೆ ಸಂಘಟಕರ ಒತ್ತಾಯದ ಫಲವಾಗಿ 1975ರಲ್ಲಿ ಗೃಹಸಾಲ ಪ್ರಕಟನ ಶಾಸನವು ಜಾರಿಗೆ ಬಂದಿತು. ಯಾವ ಜನಗಣತಿ ಖಂಡದಲ್ಲಿ ಎಷ್ಟು ಸಾಲ ಕೊಡಲಾಯಿತೆಂಬುದನ್ನು ಸಾಲಸಂಸ್ಥೆಗಳು ವರ್ಷವರ್ಷವೂ ಬಹಿರಂಗಪಡಿಸಬೇಕಾಯಿತು. ಠೇವಣಿ ಪಡೆಯುವ ಪ್ರದೇಶದ ಎಲ್ಲ ಭಾಗಗಳ ಸಾಲದ ಅಗತ್ಯವನ್ನೂ ಪೂರೈಸಬೇಕೆಂದು 1977ರ ಇನ್ನೊಂದು ಶಾಸನವು ವಿಧಿಸಿತು.

ಅಂಕಿಗಳು ಹೀಗೆ ಬಹಿರಂಗವಾದವೇನೋ ನಿಜ. ಆದರೆ ಅವುಗಳನ್ನು ಕೂಡಿಸಿ ಓದಿದವರು ವಿರಳ. 'ಅಟ್ಲಾಂಟ ಜರ್ನಲ್-ಕಾನ್‌ಸ್ಟಿಟ್ಯೂಷನ್' ಪತ್ರಿಕೆಯ ವರದಿಗಾರ ಬಿಲ್ ಡೆಡ್‌ಮನ್ ಈ ಕಾರ್ಯವನ್ನು ಕೈಗೊಂಡರು. 1988ರ ಮೇ ತಿಂಗಳ ಆರಂಭದಲ್ಲಿ ಅವರ ಲೇಖನಮಾಲೆ 'ದಿ ಕಲರ್ ಆಫ್ ಮನಿ', ಅಂದರೆ 'ಹಣದ ಬಣ್ಣ', ಎಂಬ ಹೆಸರಿನಲ್ಲಿ ಪ್ರಕಟವಾಯಿತು. 1981ರಿಂದ 1986ರ ವರೆಗಿನ ಸುಮಾರು 1,09,000 ಸಾಲಗಳನ್ನು ಅವರೂ ಅವರ ಸಹೋದ್ಯೋಗಿಗಳೂ ಗಣಕಯಂತ್ರದ ನೆರವಿನಿಂದ ಪರಿಶೀಲಿಸಿದರು.

ಅವರ ವಿಧಾನವು ಸರಳವಾದುದು. ಅದರ ಬೆಲೆಯಿರುವುದೂ ಆ ಸರಳತೆಯಲ್ಲಿಯೇ. ಒಂದು ಕಡೆ ಸಾಲಗಳ ಸಂಖ್ಯೆ, ಇನ್ನೊಂದು ಕಡೆ 1980ರ ಜನಗಣತಿಯಿಂದ ದೊರೆತ ವರ್ಣ, ವರಮಾನ ಹಾಗೂ ಮನೆಗಳ ಸಂಖ್ಯೆ. ಸಾವಿರ ಮನೆಗಳಿಗೆ ಎಷ್ಟು ಸಾಲವೆಂದು ಭಾಗಿಸಿದರೆ ಆಯಿತು. ಪ್ರೌಢಶಾಲೆಯ ಬಾಲಕನೂ ಮಾಡಬಲ್ಲ ಗಣಿತ. ಕಷ್ಟವಿರುವುದು ಏನನ್ನು ಏನರೊಡನೆ ಹೋಲಿಸಬೇಕೆಂಬಲ್ಲಿ. ಬಡವರ ಕೇರಿಯನ್ನು ಧನಿಕರ ಬಡಾವಣೆಯೊಡನೆ ಹೋಲಿಸಿದ್ದರೆ, ವ್ಯತ್ಯಾಸಕ್ಕೆ ವರಮಾನವೇ ಕಾರಣವೆಂದು ಯಾರಾದರೂ ಹೇಳಿಬಿಡಬಹುದಾಗಿತ್ತು. ಆದ್ದರಿಂದ ಮಧ್ಯಮ ವರಮಾನದ 64 ಬಡಾವಣೆಗಳನ್ನು ಮಾತ್ರ ಆರಿಸಿಕೊಳ್ಳಲಾಯಿತು. ಫಲಿತಾಂಶವೇನೆಂದರೆ, ಸಮಾನ ವರಮಾನವಿದ್ದಾಗಲೂ ಶ್ವೇತವರ್ಣೀಯರ ಬಡಾವಣೆಗಳಿಗೆ ಕಪ್ಪು ವರ್ಣೀಯರ ಬಡಾವಣೆಗಳಿಗಿಂತ ಐದರಷ್ಟು ಸಾಲ ದೊರೆತಿತ್ತು. ಮಿಶ್ರ ಬಡಾವಣೆಗಳು ಇವೆರಡರ ನಡುವೆ ನಿಂತಿದ್ದವು.

ಕಪ್ಪು ವರ್ಣೀಯರ ಬಡಾವಣೆಗಳಲ್ಲಿ ಮನೆಗಳ ಮಾರಾಟವೇ ಕಡಮೆಯಿದ್ದಿರಬಹುದಲ್ಲವೇ ಎಂಬ ಆಕ್ಷೇಪವು ಸಹಜ. ಅದಕ್ಕಾಗಿ ಪತ್ರಿಕೆಯು ಆಸ್ತಿ ನೋಂದಣಿ ದಾಖಲೆಗಳನ್ನೂ ತೆಗೆಯಿಸಿ ನಿಜವಾಗಿ ಮಾರಾಟವಾದ ಮನೆಗಳನ್ನೇ ಎಣಿಸಿತು; ಅಂತರವು ಅಳಿಯಲಿಲ್ಲ. ಕಪ್ಪು ವರ್ಣೀಯರ ಒಡೆತನದ ಸಿಟಿಜನ್ಸ್ ಟ್ರಸ್ಟ್ ಬ್ಯಾಂಕು ಇದೇ ಬಡಾವಣೆಗಳಿಗೆ ಸಾಲ ಕೊಟ್ಟು ನಷ್ಟವಿಲ್ಲದೆ ನಡೆದುದನ್ನೂ ಪತ್ರಿಕೆ ಎತ್ತಿ ತೋರಿಸಿತು.

ನಗರ ರಾಜಕೀಯದ ದೃಷ್ಟಿಯಿಂದ ಇಲ್ಲಿ ಒಂದು ವಿಲಕ್ಷಣ ಸಂಗತಿಯುಂಟು. ಅಟ್ಲಾಂಟವು ತನ್ನನ್ನು 'ದ್ವೇಷಿಸಲು ಬಿಡುವಿಲ್ಲದ ನಗರ'ವೆಂದು ಬಣ್ಣಿಸಿಕೊಂಡಿದ್ದ ಊರು. 1974ರಿಂದ ಅಲ್ಲಿನ ಮೇಯರ್ ಸ್ಥಾನದಲ್ಲಿ ಕಪ್ಪು ವರ್ಣೀಯರೇ ಇದ್ದರು. 1988ರಲ್ಲಿ ಆ ಸ್ಥಾನದಲ್ಲಿದ್ದವರು, ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಆಂಡ್ರ್ಯೂ ಯಂಗ್. ಅತ್ಯಲ್ಪ ಸಾಲ ಪಡೆದ ಬಡಾವಣೆಗಳ ಪೈಕಿ ಮೇಯರ್ ಅವರು ವಾಸಿಸುತ್ತಿದ್ದ ಬಡಾವಣೆಯೂ ಸೇರಿತ್ತು! ಮತದಿಂದ ಅಧಿಕಾರ ಲಭಿಸಿದರೂ ಸಾಲದ ಹಣವು ಅದನ್ನು ಹಿಂಬಾಲಿಸಿ ಬರಲಿಲ್ಲ. ಬ್ಯಾಂಕುಗಳ ಮೇಲ್ವಿಚಾರಣೆಯು ಮುಖ್ಯವಾಗಿ ಕೇಂದ್ರ ಸರ್ಕಾರದ ಕೈಯಲ್ಲಿತ್ತು. ಆ ಮೇಲ್ವಿಚಾರಕರೋ 1977ರ ಶಾಸನದಂತೆ ನಡೆಸಿದ ಪರೀಕ್ಷೆಗಳಲ್ಲಿ ಬಹುಮಟ್ಟಿಗೆ ಎಲ್ಲ ಸಂಸ್ಥೆಗಳನ್ನೂ ಉತ್ತೀರ್ಣಗೊಳಿಸುತ್ತಿದ್ದರು.

ಲೇಖನಗಳು ಪ್ರಕಟವಾದ ಕೆಲವೇ ದಿನಗಳಲ್ಲಿ ನಗರದ ದೊಡ್ಡ ಬ್ಯಾಂಕುಗಳು ಆರೂವರೆ ಕೋಟಿ ಡಾಲರುಗಳನ್ನು ಕಡಮೆ ಬಡ್ಡಿಯ ಸಾಲಕ್ಕೆಂದು ಮೀಸಲಿಡಲು ಒಪ್ಪಿದವು. 1989ರಲ್ಲಿ ಡೆಡ್‌ಮನ್‌ರಿಗೆ ಪುಲಿಟ್ಜರ್ ಪಾರಿತೋಷಕ ಬಂದಿತು. ನ್ಯಾಯಾಂಗ ಇಲಾಖೆಯ ವಿಚಾರಣೆ ಮುಂದುವರಿದು, 1992ರಲ್ಲಿ ಡೆಕೇಟರ್ ಫೆಡರಲ್ ಎಂಬ ಸಂಸ್ಥೆಯು ಕಪ್ಪು ವರ್ಣೀಯರಾದ 48 ಮಂದಿ ಅರ್ಜಿದಾರರಿಗೆ 10 ಲಕ್ಷ ಡಾಲರು ಕೊಡುವ ರಾಜಿಗೆ ಸಮ್ಮತಿಸಿತು.

ಆದರೂ ಈ ಪರಿಶೋಧನೆಯ ಮಿತಿಯನ್ನು ಮರೆಯಲಾಗದು. ಅದು ಅಳೆದುದು ಬಡಾವಣೆಗಳನ್ನು, ವ್ಯಕ್ತಿಗಳನ್ನಲ್ಲ. ಅರ್ಜಿ ಹಾಕಿದವರೆಷ್ಟು, ತಿರಸ್ಕೃತರಾದವರೆಷ್ಟು ಎಂಬುದು ಆಗಿನ ದಾಖಲೆಗಳಲ್ಲಿ ಇರಲೇ ಇಲ್ಲ. 1989ರಲ್ಲಿ ಶಾಸನವನ್ನು ತಿದ್ದಿ, 1990ನೆಯ ವರ್ಷದಿಂದ ಪ್ರತಿಯೊಬ್ಬ ಅರ್ಜಿದಾರನ ವರ್ಣ, ಲಿಂಗ, ವರಮಾನ ಹಾಗೂ ಅರ್ಜಿಯ ಗತಿಯನ್ನು ದಾಖಲಿಸುವಂತೆ ಮಾಡಲಾಯಿತು. ಆ ಬಳಿಕ ಬೋಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಸಂಶೋಧಕರು ಸಾಲದ ಚರಿತ್ರೆ, ಋಣಭಾರ ಮೊದಲಾದ ವಿವರಗಳನ್ನೂ ಸಂಗ್ರಹಿಸಿ 1992ರಲ್ಲಿ ವರದಿ ಮಾಡಿದರು. ಈ ಗುಣಗಳೆಲ್ಲ ಸಮಾನವಾಗಿದ್ದಾಗ ಶ್ವೇತವರ್ಣೀಯರಲ್ಲಿ ನೂರಕ್ಕೆ 11 ಮಂದಿ ತಿರಸ್ಕೃತರಾಗುವಲ್ಲಿ ಕಪ್ಪು ಮತ್ತು ಹಿಸ್ಪಾನಿಕ್ ಅರ್ಜಿದಾರರಲ್ಲಿ 17 ಮಂದಿ ತಿರಸ್ಕೃತರಾಗುತ್ತಾರೆಂಬುದು ಅವರ ಗಣನೆ. ಈ ಅಂತರ ಐದು ಪಟ್ಟಿಗಿಂತ ಬಹಳ ಕಿರಿದು. ಆದರೆ ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಗಳು: ಬೋಸ್ಟನ್ನಿನ ಲೆಕ್ಕಕ್ಕೆ ಬ್ಯಾಂಕಿನ ಬಾಗಿಲಿಗೆ ಬಂದವರು ಮಾತ್ರ ಸೇರುತ್ತಾರೆ, ಶಾಖೆಯೇ ಇಲ್ಲದ ಬಡಾವಣೆಯಲ್ಲಿ ಕುಳಿತು ಅರ್ಜಿಯನ್ನೇ ಹಾಕದವನು ಅದರೊಳಗೆ ಬರುವುದಿಲ್ಲ, ಅಟ್ಲಾಂಟದ ಲೆಕ್ಕದಲ್ಲಿ ಬರುತ್ತಾನೆ. ಬೋಸ್ಟನ್ನಿನ ಸಂಶೋಧಕರಂತೆ ಬ್ಯಾಂಕುಗಳಿಂದ ಹೆಚ್ಚಿನ ವಿವರ ಪಡೆಯುವ ಸೌಕರ್ಯ ಪತ್ರಿಕೆಗಳಿಗೆ ಇಲ್ಲ. ಅರ್ಜಿದಾರನ ಸಾಲಯೋಗ್ಯತೆಯ ಅಂಕವನ್ನು 2018ರಿಂದ ಸರ್ಕಾರವು ಸಂಗ್ರಹಿಸುತ್ತಿದ್ದರೂ ಸಾರ್ವಜನಿಕರಿಗೆ ಬಿಡುಗಡೆ ಮಾಡುವ ದಾಖಲೆಯಿಂದ ಅದನ್ನು ತೆಗೆದೇ ಕೊಡಲಾಗುತ್ತದೆ.